ಒಂದೇ ದಿಂಡಿನಿಂದ ಮೂರು ಬೆಳೆ: ಮನೆಯಲ್ಲಿ ಚಿಪ್ಪಣಬೆ ಬೆಳೆಯುವವರಿಗೆ

ಮನೆಯಲ್ಲಿ ಅಣಬೆ ಬೆಳೆಯಲು ತೊಡಗಿದವರಲ್ಲಿ ಬಹಳ ಮಂದಿಗೆ ಮೊದಲ ಬೆಳೆ ಕೈಗೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಚೀಲದ ಮೈತುಂಬ ಗೊಂಚಲು ಕಂಡ ಸಂಭ್ರಮದಲ್ಲಿ ಕೊಯ್ದು, ಪಲ್ಯ ಮಾಡಿ ಉಂಡು, ಆಮೇಲೆ ಅದೇ ಚೀಲಕ್ಕೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತ ಎರಡು ವಾರ ಕಾದರೆ ಕಾಣಸಿಗುವುದು ಹಸಿರು ಬೂಷ್ಟು ಮತ್ತು ಅದರ ಸುತ್ತ ಹಾರುವ ನುಸಿ. ಆಗ ಬೀಜವೇ ಸರಿಯಿರಲಿಲ್ಲ ಎಂದು ಬೀಜ ಕೊಟ್ಟವರನ್ನು ದೂರುತ್ತೇವೆ. ಶಿರಸಿಯ ಹತ್ತಿರದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಹಲವು ಮಳೆಗಾಲ ಚೀಲ ಕಟ್ಟಿ, ಕೆಲವನ್ನು ಗೆದ್ದು ಕೆಲವನ್ನು ಹೂತುಹಾಕಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಎರಡನೇ ಮತ್ತು ಮೂರನೇ ಬೆಳೆಯ ಹಣೆಬರಹ ಎರಡು ಹೊತ್ತಿನಲ್ಲಿ ಬರೆದಾಗುತ್ತದೆ: ಹುಲ್ಲನ್ನು ಚೀಲಕ್ಕೆ ತುಂಬುವ ದಿನ ಅದರಲ್ಲಿ ಎಷ್ಟು ನೀರು ಉಳಿದಿತ್ತು ಎಂಬುದು ಒಂದು, ಮೊದಲ ಕೊಯ್ಲು ಮುಗಿದ ಅರ್ಧ ಗಂಟೆಯಲ್ಲಿ ನಾವು ಆ ದಿಂಡಿಗೆ ಏನು ಮಾಡಿದೆವು ಎಂಬುದು ಇನ್ನೊಂದು.

ದಿಂಡು ಎಂದು ನಾನು ಕರೆಯುತ್ತಿರುವುದು, ಅಣಬೆಯ ಬಿಳಿ ಎಳೆಗಳು ಹುಲ್ಲನ್ನೆಲ್ಲ ಹೆಣೆದು, ಪ್ಲಾಸ್ಟಿಕ್ ಬಿಚ್ಚಿದರೂ ಉದುರದಂತೆ ಗಟ್ಟಿಯಾಗಿ ನಿಲ್ಲುವ ಮುದ್ದೆಯನ್ನು. ಬೆಳೆಗಾರರು ಇದನ್ನೇ ಬೆಡ್ ಎನ್ನುತ್ತಾರೆ.

ಕಾಲ ಮತ್ತು ಬೀಜ

ಚಿಪ್ಪಣಬೆಗೆ 20ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡ 80ರಿಂದ 90ರಷ್ಟು ತೇವವಿರುವ ಗಾಳಿ ಹಿತ. ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಜೂನ್‌ನಿಂದ ಫೆಬ್ರವರಿಯವರೆಗೆ ಇದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. ಕಾರವಾರ, ಅಂಕೋಲಾ, ಕುಮಟೆಯ ಕರಾವಳಿಯಲ್ಲಿ ಮಾರ್ಚ್ ಕಳೆದ ಮೇಲೆ ರಾತ್ರಿಯೂ ಸೆಖೆ ಇಳಿಯುವುದಿಲ್ಲವಾದ್ದರಿಂದ ಬೇಸಗೆಯಲ್ಲಿ ಚಿಪ್ಪಣಬೆಯನ್ನು ಒತ್ತಾಯದಿಂದ ಬೆಳೆಯುವುದಕ್ಕಿಂತ, 30ರಿಂದ 35 ಡಿಗ್ರಿಯಲ್ಲಿ ಚೆನ್ನಾಗಿ ಬರುವ ಹಾಲಣಬೆಯನ್ನು ಹಿಡಿಯುವುದು ಜಾಣತನ. ಆದರೆ ಅದಕ್ಕೆ ಮೇಲುಮಣ್ಣಿನ ಹೊದಿಕೆ ಬೇಕು, ಅದರ ಕ್ರಮವೇ ಬೇರೆ. ಇಲ್ಲಿ ಹೇಳುವುದು ಚಿಪ್ಪಣಬೆಗೆ ಮಾತ್ರ ಹೊಂದುತ್ತದೆ. ಮೊದಲ ಸಲ ಬೆಳೆಯುವವರು ಬಿಳಿಯ ಫ್ಲೋರಿಡಾ ಅಥವಾ ಬೂದುಬಣ್ಣದ ಸಾಜೋರ್ ಕಾಜು ತಳಿಯನ್ನು ಆರಿಸಿಕೊಳ್ಳಬಹುದು.

ಅಣಬೆ ಬೀಜವೆಂದರೆ ಬೇಯಿಸಿ ಶುದ್ಧಗೊಳಿಸಿದ ಜೋಳ ಮೊದಲಾದ ಕಾಳಿನ ಮೇಲೆ ಹಬ್ಬಿಸಿದ ಎಳೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಸಿಗುತ್ತದೆ. ನಮ್ಮ ಜಿಲ್ಲೆಯವರು ಮೊದಲು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ಎಲ್ಲಿಂದ ತಂದರೂ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಬೇಕು. ಕಾಳಿನ ಸುತ್ತ ಹತ್ತಿಯಂಥ ಬಿಳುಪು ಸಮನಾಗಿರಬೇಕು, ತಳದಲ್ಲಿ ಹಳದಿ ನೀರು ನಿಂತಿರಬಾರದು, ಬಿಚ್ಚಿದಾಗ ಹುಳಿ ವಾಸನೆ ಬರಬಾರದು. ತಯಾರಾಗಿ ಒಂದು ತಿಂಗಳು ದಾಟಿದ ಬೀಜದ ಹುರುಪು ಇಳಿದಿರುತ್ತದೆ. ಒಮ್ಮೆ ದೂರದಿಂದ ತರಿಸಿದ ಬೀಜದ ತಳದಲ್ಲಿ ಹಳದಿ ನೀರು ಕಂಡರೂ ದುಡ್ಡು ಕೊಟ್ಟಾಗಿದೆಯಲ್ಲ ಎಂದು ನಾನು ಅದನ್ನೇ ಹಾಕಿದೆ. ಆ ಸಲ ಹುಲ್ಲು, ಸೌದೆ, ಎರಡು ದಿನದ ಕೆಲಸ ಎಲ್ಲವೂ ಬೀಜದ ದುಡ್ಡಿನ ಹಿಂದೆಯೇ ಹೋದವು.

ಹುಲ್ಲಿನ ಹದ

ಕಳೆದ ಕೊಯ್ಲಿನ, ಮಳೆ ತಾಗದ, ಹೊಂಬಣ್ಣದ ಭತ್ತದ ಹುಲ್ಲೇ ಬೇಕು. ನವೆಂಬರಿನ ಅಕಾಲ ಮಳೆಗೆ ಗದ್ದೆಯಲ್ಲೇ ನೆಂದು, ಬಣವೆಯ ಒಳಗೆ ಕಪ್ಪು ಚುಕ್ಕೆ ಬಂದ ಹುಲ್ಲು ದನಕ್ಕಾದರೂ ಆದೀತು, ಅಣಬೆಗೆ ಆಗದು. ಅದರೊಳಗೆ ಬೇರೆ ಬೂಷ್ಟು ಆಗಲೇ ಮನೆ ಮಾಡಿರುತ್ತದೆ. ಅಡಿಕೆ ಹಾಳೆಯ ಚೂರಿನಲ್ಲೂ ಚಿಪ್ಪಣಬೆ ಬರುತ್ತದೆ, ಆದರೆ ಹಾಳೆ ನೀರು ಹೀರಲು ಹೆಚ್ಚು ಹೊತ್ತು ಬೇಕು, ಮತ್ತು ಚೂರುಗಳ ನಡುವೆ ಪೊಳ್ಳು ಉಳಿಯದಂತೆ ಒತ್ತಿ ತುಂಬಬೇಕು. ಮೊದಲ ವರ್ಷ ಹುಲ್ಲಿನಲ್ಲೇ ಕೈ ಪಳಗಲಿ.

ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿ, ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ, ರಾತ್ರಿಯಿಡೀ ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಕರಾವಳಿಯವರು ನದೀಮುಖದ ಹತ್ತಿರದ ಬಾವಿಯ ನೀರನ್ನು ಮೊದಲು ನಾಲಿಗೆಗೆ ಹಚ್ಚಿ ನೋಡುವುದು ಲೇಸು, ಬೇಸಗೆಯಲ್ಲಿ ಉಪ್ಪಾಗುವ ಬಾವಿಯ ನೀರು ಈ ಕೆಲಸಕ್ಕೆ ಬೇಡ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹುಲ್ಲನ್ನು 80 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ನಾನು ಮೊದಮೊದಲು ಬಚ್ಚಲ ಹಂಡೆಯನ್ನು ಬಳಸುತ್ತಿದ್ದೆ. ಮೀಯುವ ನೀರಿಗೆ ಹುಲ್ಲಿನ ನಾತ ಬರುತ್ತದೆಂದು ಮನೆಯಲ್ಲಿ ಆಕ್ಷೇಪ ಎದ್ದ ಮೇಲೆ ಅಡಿಕೆ ಬೇಯಿಸುವ ಹಂಡೆಗೆ ಹೋದೆ. ಅಡಿಕೆ ಕೊಯ್ಲಿಲ್ಲದ ತಿಂಗಳುಗಳಲ್ಲಿ ಅದು ಹೇಗೂ ಕವುಚಿಕೊಂಡೇ ಇರುತ್ತದೆ. ಆದರೆ ಅದಕ್ಕಂಟಿದ ಚೊಗರನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು.

ನೀರು ಕುದಿದು ಉಕ್ಕುವಷ್ಟು ಉರಿ ಹಾಕುವುದು ಬೇಡ. ಎಂಬತ್ತು ಡಿಗ್ರಿಗೆ ಸಾಯುವುದು ಅಣಬೆಗೆ ಪೈಪೋಟಿ ಕೊಡುವ ಬಹುತೇಕ ಬೂಷ್ಟು ಮತ್ತು ಹುಳಗಳ ಮೊಟ್ಟೆ. ಬಿಸಿ ತಡೆದುಕೊಳ್ಳುವ ಕೆಲವು ಸೂಕ್ಷ್ಮಜೀವಿಗಳು ಉಳಿದುಕೊಂಡು, ಆಮೇಲೆ ಬರುವ ಪರಕೀಯ ಬೂಷ್ಟಿಗೆ ಜಾಗ ಬಿಡುವುದಿಲ್ಲ. ಹುಲ್ಲನ್ನು ಪೂರ್ತಿ ನಿರ್ಜೀವ ಮಾಡಿ, ಮನೆಯ ಸಾಮಾನ್ಯ ಗಾಳಿಯಲ್ಲಿ ತುಂಬಿದರೆ ಅದು ಬಾಗಿಲಿಲ್ಲದ ಖಾಲಿ ಮನೆಯಾಗುತ್ತದೆ, ಯಾರು ಮೊದಲು ಬಂದರೋ ಅವರದೇ. ನೂರು ಡಿಗ್ರಿಯವರೆಗೆ ತೋರಿಸುವ ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಂಡುಕೊಂಡರೆ ಅಂದಾಜಿನ ತಾಪತ್ರಯ ತಪ್ಪುತ್ತದೆ. ಫಾರ್ಮಲಿನ್ ಮತ್ತು ಕಾರ್ಬೆಂಡಜಿಂ ಎಂಬ ಬೂಷ್ಟುನಾಶಕ ರಾಸಾಯನಿಕಗಳನ್ನು ಬೆರೆಸಿದ ತಣ್ಣೀರಿನಲ್ಲಿ ನೆನೆಸುವ ಪದ್ಧತಿಯೂ ಇದೆ. ದೊಡ್ಡ ಶೆಡ್ಡಿನವರಿಗೆ ಅದು ಅನುಕೂಲವೆಂದು ಒಪ್ಪುತ್ತೇನೆ. ಅಡುಗೆಮನೆಯ ಮಗ್ಗುಲಲ್ಲಿ ಬೆಳೆದು ಮಕ್ಕಳಿಗೆ ಬಡಿಸುವವರಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

ಈಗ ಬರುವುದು ಹೆಚ್ಚಿನವರು ಎಡವುವ ಜಾಗ. ಬಿಸಿನೀರಿನಿಂದ ತೆಗೆದ ಗೋಣಿಚೀಲವನ್ನು ತೂಗುಹಾಕಿ ನೀರು ಪೂರ್ತಿ ಬಸಿಯಲು ಬಿಟ್ಟು, ಆಮೇಲೆ ಬಿಸಿನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಿನಲ್ಲಿ ತೆಳುವಾಗಿ ಹರಡಬೇಕು. ಅಡಿಕೆ ಒಣಹಾಕುವ ಅಂಗಳವೂ ಬೇಡ, ಬೂಷ್ಟು ಬಂದ ಅಡಿಕೆಯನ್ನು ಒಟ್ಟಿದ ಕೋಣೆಯಂತೂ ಬೇಡವೇ ಬೇಡ. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಲ್ಲಿ ಹೆಚ್ಚೆಂದರೆ ಒಂದೆರಡು ಹನಿ ಕಾಣಬೇಕು. ಧಾರೆ ಇಳಿದರೆ ಇನ್ನೂ ಕಾಯಬೇಕು. ಈ ಹದದಲ್ಲಿ ಹುಲ್ಲಿನ ತೂಕದ ಶೇಕಡ 60ರಿಂದ 65ರಷ್ಟು ನೀರಿರುತ್ತದೆ. ಅಪ್ಪೆಮಿಡಿಗೆ ಉಪ್ಪು ಹಾಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಭರಣಿಗೆ ಒಂದು ಒದ್ದೆ ಸೌಟು ಹೋದರೆ ಏನಾಗುತ್ತದೆಂದು ಅವರು ಬಲ್ಲರು. ಮೊದಲ ವರ್ಷದ ಜುಲೈಯಲ್ಲಿ ಹೊರಗೆ ಮಳೆ, ಹುಲ್ಲು ಆರುತ್ತಿಲ್ಲ, ಬೀಜ ಹಳತಾಗುತ್ತಿದೆ ಎಂಬ ಆತುರದಲ್ಲಿ ತೊಟ್ಟಿಕ್ಕುವ ಹುಲ್ಲನ್ನೇ ನಾನು ಆರು ಚೀಲಕ್ಕೆ ತುಂಬಿದ್ದೆ. ಹನ್ನೆರಡನೆಯ ದಿನ ಆರೂ ಚೀಲಗಳ ತಳದಲ್ಲಿ ಕಂದು ನೀರು, ಅದರ ಮೇಲೆ ಪಾಚಿಯ ಬಣ್ಣದ ಪಟ್ಟೆ. ಈಗ ಮಳೆಗಾಲದಲ್ಲಿ ಹುಲ್ಲಿನ ಮೇಲೆ ಫ್ಯಾನ್ ಹಾಕದೆ, ಬರೀ ಬಾಗಿಲು ತೆರೆದು, ಒಂದು ಇಡೀ ಹಗಲು ಕಾಯುತ್ತೇನೆ. ಫ್ಯಾನ್ ನೆಲದ ಧೂಳನ್ನೆಲ್ಲ ಎಬ್ಬಿಸಿ ಹುಲ್ಲಿಗೆ ಹೊದೆಸುತ್ತದೆ.

ತುಂಬುವುದು, ಬೆಳ್ಳಗಾಗುವುದು

ಹುಲ್ಲು ಕೈಗೆ ತಣ್ಣಗೆ ತಾಗಿದ ಮೇಲೆ, ಸೋಪಿನಿಂದ ಮೊಣಕೈವರೆಗೆ ತೊಳೆದುಕೊಂಡು, ಸರ್ಜಿಕಲ್ ಸ್ಪಿರಿಟ್ ಹಚ್ಚಿ, ಅದು ಆರಿದ ಮೇಲೆ ಕೆಲಸಕ್ಕಿಳಿಯಬೇಕು. ಸ್ಪಿರಿಟ್ ಇರುವಲ್ಲಿ ಒಲೆ, ದೀಪ ಇರಬಾರದು. ಹದಿನಾಲ್ಕು ಅಂಗುಲ ಅಗಲ, ಇಪ್ಪತ್ತನಾಲ್ಕು ಅಂಗುಲ ಉದ್ದದ ಪಾಲಿಪ್ರೊಪಿಲೀನ್ ಚೀಲಕ್ಕೆ ನಾನು ಸುಮಾರು 4 ಕಿಲೊ ಒದ್ದೆ ಹುಲ್ಲು, 120 ಗ್ರಾಂ ಬೀಜ ಹಾಕುತ್ತೇನೆ. ಎರಡು ಅಂಗುಲ ಹುಲ್ಲು ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಹೀಗೆ ಚೀಲ ತುಂಬುವವರೆಗೆ. ಮೇಲಿನ ಪದರಕ್ಕೆ ಸ್ವಲ್ಪ ಹೆಚ್ಚು ಬೀಜ. ಬಾಯಿ ಬಿಗಿದು ಕಟ್ಟಿ, ಸ್ಪಿರಿಟ್‌ನಲ್ಲಿ ಒರೆಸಿದ ದಬ್ಬಣದಿಂದ ಹತ್ತು ಹದಿನೈದು ತೂತು ಚುಚ್ಚಿ, ಕತ್ತಲೆಯ ಕೋಣೆಯಲ್ಲಿ ತೂಗುಹಾಕಿದರೆ 15ರಿಂದ 20 ದಿನದಲ್ಲಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ.

ಈ ಅವಧಿಯಲ್ಲಿ ಬಣ್ಣಗಳನ್ನು ಓದಲು ಕಲಿಯಬೇಕು. ಬಿಳಿ ಎಳೆಯ ನಡುವೆ ಅಲ್ಲಲ್ಲಿ ಜೇನಿನ ಬಣ್ಣದ ಹನಿ ಕಂಡರೆ ಗಾಬರಿ ಬೇಡ. ಸೆಖೆಯಲ್ಲಿ ಎಳೆಗಳು ಬೆವರಿದ ಹಾಗೆ ಅದು. ಹಸಿರಾಗಿದ್ದರೆ ಅದು ಟ್ರೈಕೋಡರ್ಮಾ ಎಂಬ ಬೂಷ್ಟು. ಇದು ಮೊದಲೆರಡು ದಿನ ಬೆಳ್ಳಗೇ ಇದ್ದು, ಅಣಬೆಯ ಎಳೆಗಿಂತ ಹೆಚ್ಚು ಒತ್ತಾಗಿ ಹಬ್ಬಿ, ಆಮೇಲೆ ನಡುವಿನಿಂದ ಹಸಿರಿಗೆ ತಿರುಗುತ್ತದೆ. ಮೆಣಸಿನ ಪುಡಿ ಚೆಲ್ಲಿದಂತೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಆ ಚೀಲವನ್ನು ಹೊರಗೊಯ್ಯಲು ಒಂದು ದಿನವೂ ತಡಮಾಡಬಾರದು, ಅದರ ಪುಡಿ ಗಾಳಿಯಲ್ಲಿ ಕೋಣೆಯನ್ನೆಲ್ಲ ಹಿಡಿಯುತ್ತದೆ. ಉದ್ದ ಕಾಲಿನ, ಒಂದೇ ದಿನದಲ್ಲಿ ಕರಗಿ ಮಸಿಯಾಗುವ ಸಣ್ಣ ಕೊಡೆಗಳು ಎದ್ದರೆ ಹುಲ್ಲಿಗೆ ಬಿಸಿ ಸಾಲಲಿಲ್ಲ ಅಥವಾ ನೀರು ಹೆಚ್ಚಾಯಿತು ಎಂದು ತಿಳಿಯಬೇಕು. ಅವನ್ನು ಕಿತ್ತು ಎಸೆಯಬೇಕೇ ಹೊರತು ರುಚಿ ನೋಡಬಾರದು. ನಾವು ಹಾಕಿದ ಬೀಜದ ತಳಿಯ ರೂಪವಿಲ್ಲದ ಯಾವ ಅಣಬೆಯನ್ನೂ, ಅದು ನಮ್ಮ ಚೀಲದಲ್ಲೇ ಹುಟ್ಟಿದ್ದರೂ, ತಿನ್ನಬಾರದು.

ಪೂರ್ತಿ ಬೆಳ್ಳಗಾಗುವ ಮೊದಲು ಪ್ಲಾಸ್ಟಿಕ್ ಬಿಚ್ಚುವ ಆಸೆಯನ್ನು ತಡೆದುಕೊಳ್ಳಬೇಕು. ಎಳೆ ಹಬ್ಬದ ಹುಲ್ಲಿನ ಪ್ರತಿಯೊಂದು ಕಂದು ಚುಕ್ಕೆಯೂ ಬೂಷ್ಟಿಗೆ ತೆರೆದ ಬಾಗಿಲು. ಬಿಚ್ಚಿದ ದಿನ ದಿಂಡನ್ನು ತೂಕ ಮಾಡಿ, ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಮುಂದೆ ಇದೇ ನಮ್ಮ ಲೆಕ್ಕದ ಬುಡ. ನಂತರ ದಿಂಡನ್ನು ಪತ್ರಿಕೆ ಓದಲು ಸಾಕಾಗುವಷ್ಟು ಬೆಳಕು, ದಿನಕ್ಕೆ ಒಂದೆರಡು ಗಂಟೆಯಾದರೂ ಹೊಸ ಗಾಳಿ ಇರುವಲ್ಲಿ ತೂಗುಹಾಕಿದರೆ ಐದಾರು ದಿನಕ್ಕೆ ಮೊಗ್ಗು ಕಾಣುತ್ತದೆ. ಕಾಲು ನೀಳವಾಗಿ ಟೊಪ್ಪಿ ಚಿಕ್ಕದಾದರೆ ಗಾಳಿ ಸಾಲುತ್ತಿಲ್ಲ; ಟೊಪ್ಪಿಯ ಅಂಚು ಒಣಗಿ ಸೀಳಿದರೆ ತೇವ ಸಾಲುತ್ತಿಲ್ಲ. ಟೊಪ್ಪಿಯ ಮೇಲೆ ನೀರು ನಿಂತು ಹಳದಿ ಕಲೆ ಬಂದು ಲೋಳೆಯಾದರೆ ಅದು ಬ್ಯಾಕ್ಟೀರಿಯಾದ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆಯ ಗಾಳಿಗೆ ಹೆಚ್ಚುವರಿ ನೀರು ಬೇಕೇ ಆಗುವುದಿಲ್ಲ, ಆದರೂ ಪಂಪು ಕೈಯಲ್ಲಿದ್ದರೆ ಚಿಮುಕಿಸದೆ ಇರುವುದು ಕಷ್ಟ.

ಕೊಯ್ಲಿನ ದಿನದ ಅರ್ಧ ಗಂಟೆ

ಟೊಪ್ಪಿಯ ಅಂಚು ಇನ್ನೂ ತುಸು ಕೆಳಕ್ಕೆ ಬಾಗಿರುವಾಗಲೇ ಕೊಯ್ಯಬೇಕು. ಅಂಚು ಮೇಲಕ್ಕೆ ಮಡಿಚಿದ ಮೇಲೆ ಅಣಬೆ ಬಿಳಿ ಪುಡಿಯನ್ನು ಉದುರಿಸತೊಡಗುತ್ತದೆ. ಅದು ಕೆಲವರಿಗೆ ಕೆಮ್ಮು, ಮೂಗು ಸೋರುವಿಕೆ ತರುತ್ತದೆ. ಗೊಂಚಲಿನ ಬುಡವನ್ನು ಹಿಡಿದು ನಿಧಾನ ತಿರುಚಿದರೆ ಇಡೀ ಗೊಂಚಲು ಬಿಟ್ಟುಕೊಳ್ಳುತ್ತದೆ. ಅದರಲ್ಲಿ ಎರಡು ದೊಡ್ಡದನ್ನು ಕಿತ್ತು ಸಣ್ಣದನ್ನು ನಾಳೆಗೆಂದು ಬಿಡುವುದು ತಪ್ಪು ಲೆಕ್ಕ, ಏಕೆಂದರೆ ಬಿಟ್ಟದ್ದು ಬೆಳೆಯುವುದಿಲ್ಲ, ಬಾಡಿ ಕೊಳೆಯುತ್ತದೆ.

ಕೊಯ್ದ ಅಣಬೆಯನ್ನು ಅಡುಗೆಮನೆಗೆ ಕಳಿಸಿ, ನಾವು ದಿಂಡಿನ ಹತ್ತಿರವೇ ಉಳಿಯಬೇಕು. ಹತ್ತಿರದಿಂದ ನೋಡಿದರೆ ಗೊಂಚಲು ಕಿತ್ತಲ್ಲಿ ಬೆರಳ ತುದಿಯಷ್ಟು ದಪ್ಪದ, ರಬ್ಬರಿನಂಥ ತುಂಡು ಉಳಿದಿರುತ್ತದೆ. ಅದರ ಸುತ್ತ ಸಾಸಿವೆಯಷ್ಟಾಗಿ ಕಂದಾಗಿ ನಿಂತುಹೋದ ಮೊಗ್ಗುಗಳಿರುತ್ತವೆ. ಎರಡನೇ ಬೆಳೆಯ ಬೂಷ್ಟು ಶುರುವಾಗುವುದು ಬಹುಮಟ್ಟಿಗೆ ಇಲ್ಲಿಂದಲೇ, ಏಕೆಂದರೆ ಜೀವಂತ ಎಳೆ ತನ್ನನ್ನು ಕಾಯ್ದುಕೊಳ್ಳಬಲ್ಲದು, ಸತ್ತ ಬುಡಕ್ಕೆ ಕಾವಲಿಲ್ಲ. ನುಸಿ ಮೊಟ್ಟೆಯಿಡುವುದೂ ಅದರಲ್ಲೇ. ಸ್ಪಿರಿಟ್‌ನಲ್ಲಿ ಒರೆಸಿದ ಚೂಪಾದ ಚಾಕುವಿನಿಂದ ಈ ಬುಡಗಳನ್ನು ಬಿಳಿ ಹುಲ್ಲು ಕಾಣುವವರೆಗೆ ಕೆತ್ತಿ ತೆಗೆಯಬೇಕು, ಕಂದು ಮೊಗ್ಗುಗಳನ್ನು ಕೆರೆಯಬೇಕು, ಕೆತ್ತಿದ್ದನ್ನು ನೆಲಕ್ಕೆ ಬೀಳಿಸದೆ ಪಾತ್ರೆಯಲ್ಲಿ ಹಿಡಿದು ಹೊರಗೆ ಒಯ್ಯಬೇಕು. ಒಂದು ದಿಂಡು ಮುಗಿದು ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಮತ್ತೆ ಒರೆಸಬೇಕು. ಹೊಸ ಚೀಲಗಳ ಕೆಲಸ ಮೊದಲು, ಹಳೆಯ ದಿಂಡಿನ ಕೆಲಸ ಕೊನೆಗೆ. ಹಳತನ್ನು ಮುಟ್ಟಿದವರು ಮಿಂದ ಹೊರತು ಹೊಸತರ ಕೋಣೆಗೆ ಹೋಗಬಾರದು. ನಮ್ಮ ಹಿರಿಯರ ಮಡಿಯ ಕಟ್ಟಳೆಗೆ ನಾನು ಗೌರವ ಕೊಟ್ಟ ಒಂದೇ ಜಾಗ ಬಹುಶಃ ಈ ಅಣಬೆ ಕೋಣೆ.

ಆಮೇಲೆ ಎರಡು ದಿನ ನೀರು ತಾಗಿಸದೆ ಬಿಡಬೇಕು. ಕೆತ್ತಿದ ಗಾಯದ ಮೇಲೆ ತೆಳುವಾದ ಬಿಳಿ ನವಿರು ಮರಳಿ ಹಬ್ಬುವುದನ್ನು ಕಾಣಬಹುದು. ಅದು ಹಬ್ಬುವ ಮೊದಲೇ ನೀರು ಹೊಯ್ದರೆ ಹಸಿ ಗಾಯಕ್ಕೆ ಕೆಸರು ಎರಚಿದಂತೆ.

ಮೂರನೆಯ ದಿನ ತೂಕದ ಕೆಲಸ. ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಆದ್ದರಿಂದ ಅರ್ಧ ಕಿಲೊ ಕೊಯ್ದರೆ ದಿಂಡಿನಿಂದ ಸುಮಾರು 450 ಮಿಲಿಲೀಟರ್ ನೀರು ಹೋಯಿತು. ಗಾಳಿಗೆ ಆರಿದ್ದು ಬೇರೆ. ಎರಡನೇ ಬೆಳೆ ಬಾರದ ದಿಂಡುಗಳಲ್ಲಿ ಎಷ್ಟೋ ಬಾಯಾರಿ ನಿಂತಂಥವು. ಮೇಲ್ಮೈ ಒದ್ದೆ, ಒಳಗೆ ಒಣ. ಚಿಮುಕಿಸುವ ನೀರು ಒಳಗೆ ಇಳಿಯದೆ ಹೊರಗಿನ ಚರ್ಮವನ್ನಷ್ಟೇ ನೆನೆಸಿ ಬೂಷ್ಟನ್ನು ಸಾಕುತ್ತದೆ. ಬಿಚ್ಚಿದ ದಿನದ ತೂಕಕ್ಕೂ ಇಂದಿನ ತೂಕಕ್ಕೂ ಇರುವ ವ್ಯತ್ಯಾಸ ನೋಡಿ. ಕಾಲು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ, ಕುದಿಸಿ ಆರಿಸಿದ ನೀರು ತುಂಬಿದ ಬಕೆಟ್ಟಿನಲ್ಲಿ ದಿಂಡನ್ನು ಮುಳುಗಿಸಿ, ತೇಲದಂತೆ ತಟ್ಟೆಯ ಮೇಲೆ ಭಾರ ಇಟ್ಟು, ಅರ್ಧ ಗಂಟೆಯ ಮೇಲೆ ತೆಗೆದು ತೂಗಬೇಕು. ಸಾಲದಿದ್ದರೆ ಇನ್ನರ್ಧ ಗಂಟೆ. ಹಳೆಯ ತೂಕದವರೆಗೆ ಪೂರ್ತಿ ತರಬಾರದು. ಹುಲ್ಲಿನ ಒಣ ಅಂಶವನ್ನೂ ಅಣಬೆ ತಿಂದಿರುವುದರಿಂದ, ಆ ತೂಕವನ್ನು ಮುಟ್ಟಿಸಿದರೆ ಒಳಗೆ ನೀರು ಹೆಚ್ಚಾಯಿತೆಂದೇ ಅರ್ಥ. ಇಳಿದ ತೂಕದ ಮುಕ್ಕಾಲು ಪಾಲು ಮರಳಿದರೆ ನಾನು ನಿಲ್ಲಿಸುತ್ತೇನೆ. ಒಂದು ದಿಂಡು ಅದ್ದಿದ ನೀರಿನಲ್ಲಿ ಇನ್ನೊಂದನ್ನು ಅದ್ದಬಾರದು. ಜಾಲರಿಯ ಮೇಲೆ ಎರಡು ಗಂಟೆ ಬಸಿದು, ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ತೂಗುಹಾಕಿದರೆ ವಾರದಿಂದ ಹತ್ತು ದಿನದೊಳಗೆ ಮೊಗ್ಗು ಕಾಣುತ್ತದೆ. ಜುಲೈ ಆಗಸ್ಟಿನಲ್ಲಿ ದಿಂಡು ಅಷ್ಟು ಒಣಗುವುದೇ ಅಪರೂಪ, ಆಗ ಈ ಸ್ನಾನವನ್ನು ಬಿಟ್ಟುಬಿಡಬಹುದು. ಡಿಸೆಂಬರಿನ ಒಣಗಾಳಿಯಲ್ಲಿ ಇದಿಲ್ಲದೆ ನಡೆಯದು.

ಎರಡನೇ ಕೊಯ್ಲಿನ ನಂತರ ಕೆಲವು ದಿಂಡುಗಳ ಮೈ ಚರ್ಮದಂತೆ ಬಿರುಸಾಗುತ್ತದೆ. ಶುದ್ಧವಾದ ಫೋರ್ಕಿನಿಂದ ಅದನ್ನು ತೆಳುವಾಗಿ ಗೀರಿ, ಮತ್ತೆ ಎರಡು ದಿನ ಬಿಟ್ಟು, ಮೇಲಿನ ಕ್ರಮವನ್ನೇ ನಡೆಸಬೇಕು. ಕಳೆದ ಚಳಿಗಾಲದ ಒಂದು ಒಳ್ಳೆಯ ದಿಂಡು ನನಗೆ ಮೊದಲು 520, ಆಮೇಲೆ 280, ಕೊನೆಗೆ 130 ಗ್ರಾಂ ಕೊಟ್ಟಿತು. ನಾಲ್ಕನೆಯದಕ್ಕೆ ಕಾಯುವುದು ಮನೆಮಟ್ಟದಲ್ಲಿ ಲಾಭದ ಮಾತಲ್ಲ, ಆ ದಿಂಡು ಕೋಣೆಯಲ್ಲಿದ್ದಷ್ಟು ದಿನ ನುಸಿಗೆ ತವರುಮನೆ.

ಕೆಟ್ಟದ್ದು ಕಂಡಾಗ

ಬಿಚ್ಚಿದ ದಿಂಡಿನಲ್ಲಿ ರೂಪಾಯಿ ಬಿಲ್ಲೆಯಗಲದ ಹಸಿರು ಕಂಡರೆ ಅದನ್ನು ಊದಬಾರದು, ಅದರ ಮೇಲೆ ನೀರು ಚಿಮುಕಿಸಬಾರದು. ಎರಡೂ ಅದರ ಬೀಜಕಗಳನ್ನು ಹಾರಿಸುತ್ತವೆ. ಸ್ಪಿರಿಟ್‌ನಲ್ಲಿ ನೆನೆಸಿದ ಹತ್ತಿಯನ್ನು ಮೆಲ್ಲಗೆ ಅದರ ಮೇಲೆ ಕೂರಿಸಿ, ದಿಂಡನ್ನು ಹಾಗೆಯೇ ಹೊರಗೊಯ್ದು, ಸುತ್ತಲೂ ಒಂದು ಅಂಗುಲ ಒಳ್ಳೆಯ ಹುಲ್ಲನ್ನೂ ಸೇರಿಸಿ ಚಮಚದಿಂದ ತೋಡಿ ತೆಗೆಯಬೇಕು. ಆ ದಿಂಡು ಮರಳಿ ಕೋಣೆಗೆ ಬರಬಾರದು; ಬೇರೆ ಜಾಗದಲ್ಲಿ ತೂಗಲಿ, ಒಂದು ಬೆಳೆ ಕೊಟ್ಟರೆ ಕೊಡಲಿ. ಹಸಿರು ಮತ್ತೆ ಬಂದರೆ, ಅಥವಾ ಕಾಲುಪಾಲು ದಿಂಡನ್ನು ಹಿಡಿದಿದ್ದರೆ, ಇಡೀ ದಿಂಡನ್ನು ಚೀಲದಲ್ಲಿ ಕಟ್ಟಿ ಒಯ್ದು, ಚೀಲದಿಂದ ತೆಗೆದು ಸುಣ್ಣ ಹಾಕಿ ಹೂಳುವುದೇ ಸರಿ. ಕಿತ್ತಳೆ ಪುಡಿಗೆ ಈ ವಿನಾಯಿತಿಯೂ ಇಲ್ಲ.

ನುಸಿಗೆ ಕೋಣೆಯೊಳಗೆ ಕೀಟನಾಶಕ ಹೊಡೆಯಬಾರದು, ಅದು ನೇರ ನಮ್ಮ ತಟ್ಟೆಗೆ ಬರುತ್ತದೆ. ಕಿಟಕಿಗೆ ಸಣ್ಣ ಕಣ್ಣಿನ ಬಲೆ ಹಾಕಿ, ಹಳದಿ ರಟ್ಟಿಗೆ ಹರಳೆಣ್ಣೆ ಬಳಿದು ಬಲ್ಬಿನ ಬಳಿ ತೂಗಿದರೆ ಅಂಟಿಕೊಳ್ಳುತ್ತವೆ. ಕೊಟ್ಟಿಗೆ, ಗೊಬ್ಬರಗುಂಡಿಗಳ ಕಡೆಯ ಕಿಟಕಿಯನ್ನು ಮುಚ್ಚಿಯೇ ಇಡುವುದು ಇನ್ನೂ ಮೇಲು. ಮಳೆಗಾಲದಲ್ಲಿ ಗೋಡೆಯೇರಿ ಬರುವ ಸಿಂಬಳದ ಹುಳು ಒಂದೇ ರಾತ್ರಿಯಲ್ಲಿ ಮೊಗ್ಗುಗಳನ್ನು ನುಣ್ಣಗೆ ಮೇಯುತ್ತದೆ. ತೂಗುವ ಹಗ್ಗದ ಬದಲು ತಂತಿ ಬಳಸಿ, ಅದರ ನಡುವಿಗೆ ಉಪ್ಪು ಸವರಿದ ಬಟ್ಟೆ ಕಟ್ಟುವುದು ನನಗೆ ಕೆಲಸ ಮಾಡಿದೆ.

ಬೆಳೆ ಮುಗಿದ, ಬೂಷ್ಟಿಲ್ಲದ ದಿಂಡನ್ನು ಪುಡಿಮಾಡಿ ಎರೆಗೊಬ್ಬರದ ತೊಟ್ಟಿಗೆ ಹಾಕಬಹುದು, ಇಲ್ಲವೇ ಅಡಿಕೆ ಬುಡಕ್ಕೆ ಹರಡಿ ಮೇಲೆ ದರಕು ಮುಚ್ಚಬಹುದು. ತೊಟ್ಟಿಯಾಗಲಿ ಮರವಾಗಲಿ, ಅಣಬೆ ಕೋಣೆಯ ಕಿಟಕಿಗೆ ಎದುರಾಗಿರದಂತೆ ನೋಡಿಕೊಳ್ಳಿ. ಕೋಣೆ ಖಾಲಿಯಾದಾಗ ನೆಲ, ಗೋಡೆ, ತೂಗುವ ಕೋಲುಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆದು, ಬಾಗಿಲು ಕಿಟಕಿ ತೆರೆದಿಟ್ಟು, ವಾರದ ಮಟ್ಟಿಗೆ ಒಣಗಲು ಬಿಟ್ಟ ಮೇಲೆ ಮುಂದಿನ ಚೀಲಗಳನ್ನು ಒಳಗೆ ತರಬೇಕು.